ನೀರು ಏರುವ ತನಕ

ಮುದುಕಿ ಹಲಗೆಯನ್ನು ಮೂಸಿತು. ಮುಂಗಾಲು ಎತ್ತಿ ಅಂಚಿಗೆ ತಾಗಿಸಿತು. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ತನಗೂ ಆ ಹಡಗಿಗೂ ಸಂಬಂಧವೇ ಇಲ್ಲವೆಂಬಂತೆ ಮುಖ ತಿರುಗಿಸಿ ನಿಂತಿತು.

ಮುದುಕಿ ಎಂದರೆ ಹಸು. ಒಂದು ಕಿವಿ ಹರಿದ, ಬೆನ್ನು ಬಾಗಿದ, ಹಾಲು ಬತ್ತಿ ಎಷ್ಟೋ ಕಾಲವಾದ ಬೂದು ಹಸು. ಬಂದರಿನಲ್ಲಿ ದನ ಇಳಿಸುವ ಗ್ಯಾಂಗಿಗೆ ಅದೇ ಹಿರಿತಲೆ. ಹಡಗು ಬಂದಾಗ ಮೊದಲು ಅದು ಹಲಗೆಯ ಮೇಲೆ ನಡೆದು ಹಡಗಿನ ಹೊಟ್ಟೆಯೊಳಕ್ಕೆ ಹೋಗುತ್ತದೆ. ದಿನಗಟ್ಟಲೆ ಅಲೆಯ ಮೇಲೆ ತೂಗಾಡಿ ಕಂಗಾಲಾದ ದನಗಳ ನಡುವೆ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ತಿರುಗಿ ಬೆಳಕಿನ ಕಡೆ ನಡೆಯುತ್ತದೆ. ತಮ್ಮಂಥದೇ ಒಂದು ಜೀವ ಆತುರವಿಲ್ಲದೆ ಹೋಗುತ್ತಿರುವುದನ್ನು ಕಂಡು ಉಳಿದವು ಅದರ ಬಾಲ ಹಿಡಿದಂತೆ ಹಿಂದೆ ಬರುತ್ತವೆ. ಹೊಡೆಯುವುದು ಬೇಡ, ಬಾಲ ತಿರುಚುವುದು ಬೇಡ. ಹಾಗಾಗಿ ಗ್ಯಾಂಗಿನಲ್ಲಿ ಒಂದು ಕಟ್ಟಳೆ. ಮುದುಕಿ ಕಾಲಿಡದ ಹಲಗೆಗೆ ಯಾರೂ ಕಾಲಿಡಬಾರದು.

“ದೇವರು ಎಲ್ಲರ ಬಾಯಲ್ಲೂ ಮಾತಾಡಲ್ಲ,” ಎಂದು ಅಕ್ಕ ಹೇಳುತ್ತಿದ್ದಳು. “ಕೆಲವರ ಕಾಲಲ್ಲಿ ಮಾತಾಡ್ತಾನೆ.”

ಅಕ್ಕ ನಿಜಕ್ಕೂ ಒಬ್ಬನಿಗೆ ಮಾತ್ರ ಅಕ್ಕ. ಗ್ಯಾಂಗಿನಲ್ಲೇ ಕೆಲಸ ಮಾಡುವ ಅವಳ ತಮ್ಮ ಹಾಗೆ ಕರೆದು ಕರೆದು, ಈಗ ಎಲ್ಲರಿಗೂ ಅಕ್ಕ. ಅವಳಿಗಿಂತ ಹಿರಿಯನಾದ, ಹಲ್ಲಿಲ್ಲದ, ಗ್ಯಾಂಗಿನವರೆಲ್ಲ ದೊಡ್ಡಪ್ಪ ಎನ್ನುವ ಮುದುಕನೂ ಹಾಗೆಯೇ ಕರೆಯುತ್ತಿದ್ದ. ಹಲಗೆಯ ಕೆಲಸ ಅವಳದು. ಹಡಗಿನ ಬಾಗಿಲಿಂದ ಕಟ್ಟೆಗೆ ಹಲಗೆ ಹಾಕಿಸಬೇಕು. ಗೊರಸಿಗೆ ಹಿಡಿತ ಸಿಗಲೆಂದು ಅಡ್ಡಪಟ್ಟಿ ಬಿಗಿಯಬೇಕು. ಒಣಹುಲ್ಲು ಹಾಸಬೇಕು. ಕೆಳಗಿನ ನೀರು ಕಂಡು ದನ ಬೆದರದಂತೆ ಎರಡೂ ಬದಿಗೆ ಗೋಣಿತಾಟು ಕಟ್ಟಬೇಕು. ಹಗ್ಗ ಎಳೆದು ಎಳೆದು ಅವಳ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನು ಬಂದರೆ ಬರಿಗೈಯಲ್ಲಿ ವಾಪಸು ಹೋಗಬೇಕಾಗುತ್ತದೆ ಎಂದು ದೊಡ್ಡಪ್ಪ ತಮಾಷೆ ಮಾಡುತ್ತಿದ್ದ.

ಆ ದಿನ ಹಡಗು ಬಂದಾಗ ಬೆಳಗಿನ ಉಬ್ಬರ. ನೀರು ಕಟ್ಟೆಯ ತನಕ ಇತ್ತು, ಹಲಗೆ ಜಗಲಿಯಂತೆ ಸಮನಾಗಿತ್ತು. ಅಕ್ಕನ ತಮ್ಮ ಹಡಗಿನೊಳಗೆ ಹೋಗಿ ದೊಡ್ಡಿಗಳ ಕಂಬಿ ಸಡಿಲಿಸಿ ಕಾಯುತ್ತ ನಿಂತ. ಆದರೆ ಆಫೀಸಿಗೆ ಯಾರೋ ಬರಲಿಲ್ಲ, ಯಾರದೋ ಸಹಿ ಆಗಲಿಲ್ಲ. ಅಪ್ಪಣೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು ನೀರು ಇಳಿದುಹೋಗಿತ್ತು. ನೀರಿನ ಜತೆ ಹಡಗೂ ಇಳಿದಿತ್ತು. ಈಗ ಹಲಗೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ಕಡಿದಾಗಿ ನಿಂತಿತ್ತು.

ಗ್ಯಾಂಗಿನವರು ನೀರಿನ ತೊಟ್ಟಿಯ ಪಕ್ಕ ಕೂತಿದ್ದರು. ಬಂದರಿನಲ್ಲಿ ಅವರಿಗೆ ಕೂರಲು ಅದೊಂದೇ ಜಾಗ. ಉಳಿದ ಕೂಲಿಗಳು ಅವರನ್ನು ಸಗಣಿ ಗ್ಯಾಂಗು ಎನ್ನುತ್ತಿದ್ದರು. ಕ್ಯಾಂಟೀನಿನ ಬೆಂಚಿನ ಮೇಲೆ ಕೂತರೆ ವಾಸನೆ. ನೆರಳಿನ ಶೆಡ್ಡಿಗೆ ಬಂದರೆ ವಾಸನೆ. ಕುಡಿಯುವ ನೀರಿಗೂ ಬೇರೆ ನಲ್ಲಿ ಇಲ್ಲ, ದನದ ತೊಟ್ಟಿಯ ಮೇಲಿನ ನಲ್ಲಿಯೇ. ಅದನ್ನೂ ಹಡಗು ಬಂದ ದಿನ ಮಾತ್ರ ಬಿಡುತ್ತಿದ್ದರು. ಹಡಗಿಲ್ಲದ ದಿನ ಇವರಿಗೆ ಬಾಯಾರುವುದಿಲ್ಲ ಎಂದು ಯಾರೋ ತೀರ್ಮಾನಿಸಿದ್ದರು.

ಮ್ಯಾನೇಜರ್ ಬಂದ. ಬೆನ್ನ ಹಿಂದೆ ಅವನಿಗೆ ಗಡಿಯಾರ ಎಂದು ಹೆಸರು. ಮಾತಾಡುವಾಗ ಎದುರಿನವರ ಮುಖ ನೋಡದೆ ತನ್ನ ಮಣಿಕಟ್ಟು ನೋಡುತ್ತಿದ್ದ.

“ಏನಮ್ಮ, ಇನ್ನೂ ಶುರು ಮಾಡಿಲ್ವಾ?”

“ನೀರು ಇಳಿದಿದೆ ಸಾಹೇಬ್ರೇ. ಸಂಜೆಗೆ ಏರುತ್ತೆ, ಹಡಗೂ ಏರುತ್ತೆ. ಆಗ ಇಳಿಸ್ತೀವಿ.”

“ಸಂಜೆಗೆ ಈ ಜಾಗಕ್ಕೆ ಬೇರೆ ಹಡಗು ಬರ್ಬೇಕು. ಹೊರಗೆ ಕಾಯ್ತಾ ನಿಂತಿದೆ.”

“ಈಗ ಹತ್ತಿಸಿದ್ರೆ ದನ ಜಾರುತ್ತೆ.”

“ಗೊತ್ತಮ್ಮ. ಗೊತ್ತಿಲ್ದೆ ಹೇಳ್ತಿದ್ದೀನಿ ಅಂದ್ಕೊಂಡ್ಯಾ? ನನಗೂ ಕಣ್ಣಿದೆ. ಒಂದೋ ಎರಡೋ ಜಾರುತ್ತೆ. ಜಾರ್ಲಿ.”

ಅಕ್ಕ ಹಲಗೆಯ ಕಡೆ ತಿರುಗಿದಳು. ಗೊತ್ತಿಲ್ಲದವನಿಗೆ ತಿಳಿಸಿ ಹೇಳಬಹುದು. ಗೊತ್ತಿದ್ದವನಿಗೆ ಏನು ಹೇಳುವುದು?

“ಮುದುಕಿ ಕಾಲಿಡ್ತಿಲ್ಲ ಸಾಹೇಬ್ರೇ,” ದೊಡ್ಡಪ್ಪ ಕೂತಲ್ಲಿಂದಲೇ ಹೇಳಿದ.

“ಯಾವ ಮುದುಕಿ?”

ದೊಡ್ಡಪ್ಪ ಗದ್ದ ಎತ್ತಿ ಹಸುವನ್ನು ತೋರಿಸಿದ. ಮ್ಯಾನೇಜರ್ ನಕ್ಕ. “ಇಲ್ಲಿ ಅಪ್ಪಣೆ ಕೊಡೋದು ನಾನೋ ಅದೋ?”

“ನೀವೇ. ಆದ್ರೆ ಮೊದಲು ನಡೆಯೋದು ಅದು. ನಿಮ್ಮಿಬ್ಬರಿಗೂ ಹೊಂದಾಣಿಕೆ ಆದ್ರೆ ನಮ್ಮದೇನೂ ಅಡ್ಡಿ ಇಲ್ಲ.”

ಗ್ಯಾಂಗಿನವರು ತಲೆ ತಗ್ಗಿಸಿ ನಕ್ಕರು. ಮ್ಯಾನೇಜರನ ನಗೆ ಆರಿತು. ಅವನು ಕೈ ಬೀಸಿದ. ಇಬ್ಬರು ಕಾವಲುಗಾರರು ಕರೆಂಟು ಕೋಲು ಹಿಡಿದು ಬಂದರು. ತುದಿ ತಾಗಿದರೆ ದನದ ಮೈ ಅದುರಿ ಹಾರಿಬೀಳುವಂಥ ಕೋಲು.

ಅಷ್ಟರಲ್ಲಿ ಹಡಗಿನೊಳಗಿನಿಂದ ತಮ್ಮನ ದನಿ ಬಂತು. “ಅಕ್ಕಾ, ಒಳಗೆ ಉರೀತಿದೆ. ಇವಕ್ಕೆ ಬಾಯಲ್ಲಿ ನೊರೆ ಬರ್ತಿದೆ. ನನಗೂ ತಲೆ ಸುತ್ತುತ್ತೆ. ಏನಾದ್ರೂ ಮಾಡೇ.”

ಒಡಹುಟ್ಟಿದವನ ದನಿ. ಅಮ್ಮ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ, ಈಗ ಅವನಿಗೇ ಇಬ್ಬರು ಮಕ್ಕಳು. ಆ ದನಿ ಕಿವಿಗೆ ಬಿದ್ದದ್ದೇ ಅಕ್ಕನಿಗೆ ಮುದುಕಿಯ ಕಾಲು ಕಾಣಿಸಲಿಲ್ಲ. ಅವಳು ಆವರೆಗೆ ಎಂದೂ ಮಾಡದ ಕೆಲಸ ಮಾಡಿದಳು. ಮುದುಕಿಯನ್ನು ಕಂಬಕ್ಕೆ ಕಟ್ಟಿದಳು. ತಾನೇ ಹಲಗೆಗಿಳಿದಳು.

“ಅಕ್ಕ, ಬೇಡ,” ಎಂದ ದೊಡ್ಡಪ್ಪ.

“ಒಳಗೆ ಬೇಯ್ತಿದ್ದಾರೆ ದೊಡ್ಡಪ್ಪ,” ಎಂದಳು. ತಿರುಗಿ ನೋಡಲಿಲ್ಲ.

ಮೊದಲ ಕೆಲವು ಬಂದವು. ಬಡಕಲು ಹಸುಗಳು, ಕರುಗಳು. ಮಂಡಿಯೂರಿ, ಉಸಿರು ಬಿಗಿಹಿಡಿದು, ಪಟ್ಟಿಯಿಂದ ಪಟ್ಟಿಗೆ ಹತ್ತಿದವು. ಅಕ್ಕ ಅವುಗಳ ಹಿಂತೊಡೆಗೆ ಹೆಗಲು ಕೊಟ್ಟು ಮೇಲೆ ನೂಕಿದಳು. ಗ್ಯಾಂಗಿನವರು ಕೊರಳ ಹಗ್ಗ ಹಿಡಿದು ಕಟ್ಟೆಗೆ ಎಳೆದುಕೊಂಡರು. ಹುಲ್ಲೆಲ್ಲ ಜಾರಿ ಕೆಳಗೆ ಬಿತ್ತು. ಹಲಗೆ ಉಚ್ಚೆ ಸಗಣಿಯಲ್ಲಿ ಲೋಳೆಯಾಯಿತು. ಆಮೇಲೆ ಒಂದು ಕೆಂಪು ಹೋರಿ ಬಂತು. ನಡುವಿಗೆ ಬಂದು ನಿಂತಿತು. ಕಾಲು ನಡುಗುತ್ತಿದ್ದವು. ಒಂದು ಗಳಿಗೆ ಬಿಟ್ಟಿದ್ದರೆ ತಾನೇ ಹತ್ತುತ್ತಿತ್ತು. ಅಕ್ಕ ಅದರ ಹಣೆ ಸವರಿ “ಬಾ ಅಪ್ಪಾ, ಬಾ,” ಎನ್ನುತ್ತಿದ್ದಳು. ಮ್ಯಾನೇಜರ್ ಮಣಿಕಟ್ಟು ನೋಡಿದ. ಕಾವಲುಗಾರ ಗೋಣಿತಾಟಿನ ಸಂದಿಯಿಂದ ಕೋಲು ಚಾಚಿ ಮುಟ್ಟಿಸಿದ.

ಹೋರಿ ಹಾರಿತು. ಹಿಂಗಾಲು ಎರಡು ಪಟ್ಟಿಗಳ ನಡುವೆ ಸಿಕ್ಕಿತು. ಹಸಿ ಬಿದಿರು ಮುರಿದಂಥ ಸದ್ದು. ಅದು ಕೂಗಿ ಅಡ್ಡಕ್ಕೆ ಬಿತ್ತು. ಹಿಂದಿದ್ದ ದನಗಳು ಆ ಕೂಗಿಗೆ ಬೆದರಿ ಒಳಕ್ಕೆ ನುಗ್ಗಿದವು. ಹಡಗಿನೊಳಗೆ ಕಬ್ಬಿಣದ ಕಂಬಿಗಳು ಧಡಧಡ ಹೊಡೆದುಕೊಂಡವು. ತಮ್ಮ ಕೂಗಿದ. ಆ ಕೂಗು ಅರ್ಧಕ್ಕೇ ನಿಂತಿತು.

“ಲೋ, ಇದ್ದೀಯೇನೋ?”

ಉತ್ತರವಿಲ್ಲ. 

“ಲೋ.”

“ಇದ್ದೀನಿ ಅಕ್ಕ.” ದನಿ ಸಣ್ಣದಾಗಿತ್ತು. “ಮೂಲೆ ಕಂಬದ ಹಿಂದೆ ಸೇರ್ಕೊಂಡಿದ್ದೀನಿ. ಪಕ್ಕೆ ಮುರೀತು ಅನ್ಸುತ್ತೆ. ಕೋಲು ಬೇಡ ಅನ್ನು ಅವ್ರಿಗೆ. ಇನ್ನೊಂದ್ಸಲ ಇವು ಹಿಂದಕ್ಕೆ ನುಗ್ಗಿದ್ರೆ ನಾನು ಉಳಿಯಲ್ಲ.”

ಅವನ ಹತ್ತಿರ ಹೋಗಲು ಆ ದನಗಳ ನಡುವಿನಿಂದಲ್ಲದೆ ಬೇರೆ ದಾರಿಯಿರಲಿಲ್ಲ.

ಮ್ಯಾನೇಜರ್ ಹಲಗೆಯ ತುದಿಗೆ ಬಂದು ಹೋರಿಯನ್ನು ನೋಡಿದ. “ಕಾಲಿಗೆ ಸರಪಳಿ ಹಾಕಿ. ಕ್ರೇನಿಂದ ಎಳೆದು ಮೇಲೆ ತನ್ನಿ. ಬೇಗ.”

“ಮುರಿದ ಕಾಲು ಸಾಹೇಬ್ರೇ.”

“ಇನ್ನೊಂದಕ್ಕೆ ಹಾಕಿ.”

ಇದರ ಒಳಗುಟ್ಟು ಗ್ಯಾಂಗಿಗೆ ಗೊತ್ತಿತ್ತು. ಉಸಿರಿರುವಾಗ ಕಟ್ಟೆ ಮುಟ್ಟಿದ ದನ ಲೆಕ್ಕದಲ್ಲಿ ತಲುಪಿದ ದನ, ಅದಕ್ಕೆ ದುಡ್ಡು ಬರುತ್ತದೆ. ಹಲಗೆಯ ಮೇಲೆ ಸತ್ತ ದನ ಕಂಪನಿಯ ನಷ್ಟ. ಅದಕ್ಕೇ ಹಡಗಿನಲ್ಲಿ ಬಿದ್ದು ಕಾಲು ಮುರಿದವನ್ನೂ ಗ್ಯಾಂಗಿನ ಕೈಯಿಂದ ಜೀವಂತ ಎಳೆಸುತ್ತಿದ್ದರು. ಅದಕ್ಕೇ ದನದ ಡಾಕ್ಟರು ಚೀಲ ಹಿಡಿದು ಆಫೀಸಿನ ಜಗಲಿಯಲ್ಲೇ ನಿಂತಿರುತ್ತಿದ್ದ. ಕರೆಯುವವರೆಗೆ ಬರುವ ಹಾಗಿರಲಿಲ್ಲ. ಕರೆಯುತ್ತಲೂ ಇರಲಿಲ್ಲ.

ಸರಪಳಿ ಬಂತು. ಅಕ್ಕನ ಕೈಗೆ ಕೊಟ್ಟರು. ಎಷ್ಟು ಸಲ ಈ ಸರಪಳಿ ಹಾಕಿದ್ದಳೋ. ಹಾಕಿದ ರಾತ್ರಿ ಊಟ ಬಿಟ್ಟು ದೇವರ ಮುಂದೆ ಕೂರುತ್ತಿದ್ದಳು. ಬೆಳಗಾದರೆ ಮತ್ತೆ ಬರುತ್ತಿದ್ದಳು. ಅವಳು ಸರಪಳಿಯನ್ನು ನೋಡಿದಳು. ಗೋಣಿತಾಟಿನ ಸಂದಿಯಿಂದ ನೀರಿಗೆ ಬಿಟ್ಟಳು. ಆಮೇಲೆ ಹಲಗೆಯ ಮೇಲೆ, ಹೋರಿಯ ತಲೆಯ ಪಕ್ಕ ಕೂತಳು. ಒಂದು ಒದ್ದೆ ಗೋಣಿ ಎಳೆದು ಅದರ ಕಣ್ಣಿಗೆ ಹೊದಿಸಿದಳು. ಹೋರಿಯ ಉಸಿರು ಅವಳ ತೊಡೆಗೆ ಬಿಸಿಯಾಗಿ ತಾಗುತ್ತಿತ್ತು.

“ಏಳು,” ಎಂದ ಮ್ಯಾನೇಜರ್.

“ಏಳಲ್ಲ.”

“ಏನಂದೆ?”

“ಏಳಲ್ಲ ಅಂದೆ. ಡಾಕ್ಟ್ರನ್ನ ಕರೀರಿ. ಇದಕ್ಕೆ ಇಲ್ಲೇ ಸೂಜಿ ಹಾಕಿ ಮಲಗಿಸ್ಲಿ. ನೀರು ಏರ್ಲಿ. ಮುದುಕಿ ಕಾಲಿಡ್ಲಿ. ಆಮೇಲೆ ಉಳಿದವು ಬರ್ತವೆ. ಅಲ್ಲೀ ತನಕ ಈ ಹಲಗೆ ಮೇಲೆ ಏನೂ ನಡೆಯಲ್ಲ.”

“ಹುಚ್ಚು ಹಿಡೀತಾ? ಹೇಗೂ ಕಡಿಯೋಕೆ ಹೋಗೋ ದನ ಅದು. ಇವತ್ತು ಕಾಲು ಮುರಿದ್ರೆ ಏನು, ನಾಳೆ ಕತ್ತು ಹೋದ್ರೆ ಏನು?”

“ಸಾಯೋದು ನಾವೂ ಸಾಯ್ತೀವಿ ಸಾಹೇಬ್ರೇ. ಹಾಗಂತ ಇವತ್ತು ಕಾಲು ಮುರಿಸ್ಕೊಳ್ತೀರಾ?”

ದೊಡ್ಡಪ್ಪ ಎದ್ದು ಬಂದ.  ಹಲಗೆಯ ಮೇಲ್ತುದಿಯಲ್ಲಿ ಅಡ್ಡಲಾಗಿ ಕೂತ. ಅವನ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಗ್ಯಾಂಗು ಪೂರ್ತಿ ಬಂದು ಕೂತಿತು.

ಮ್ಯಾನೇಜರ್ ದನಿ ಇಳಿಸಿದ. ಬಗ್ಗಿ ಅವಳಿಗೆ ಮಾತ್ರ ಕೇಳುವಂತೆ ಹೇಳಿದ. “ನೋಡಮ್ಮ. ಒಳಗಿರೋದು ನಿನ್ನ ತಮ್ಮ. ಈ ಹೋರಿ ತೆಗೆದು ಒಂದೇ ಸಮ ಓಡಿಸಿದ್ರೆ ಹಡಗು ಖಾಲಿ ಆಗುತ್ತೆ. ಅವನನ್ನ ಆಸ್ಪತ್ರೆಗೆ ಕಳಿಸ್ತೀನಿ. ನನ್ನ ಕಾರಲ್ಲೇ. ನೀನು ಇಲ್ಲಿ ಕೂತಷ್ಟೂ ಹೊತ್ತು ಅವನು ಅಲ್ಲಿ ನರಳ್ತಾನೆ.”

ಈ ಮಾತು ನಾಟಿತು. ಅಕ್ಕನ ಕಣ್ಣು ಹಡಗಿನ ಕಪ್ಪು ಬಾಗಿಲಿಗೆ ಹೋಯಿತು. ಒಮ್ಮೆ ತಮ್ಮನ ಮಾತು ಕೇಳಿ ಕಟ್ಟಳೆ ಮುರಿದಿದ್ದಳು. ಅದರ ಫಲ ಅವಳ ತೊಡೆಯ ಪಕ್ಕದಲ್ಲೇ ಬಿದ್ದಿತ್ತು.

“ಕೇಳಿಸ್ತೇನೋ?” ಎಂದು ಕೂಗಿದಳು. “ಓಡಿಸಿ ತೆಗೀತೀವಿ ಅಂತಾರೆ. ನೀರು ಏರೋ ತನಕ ಇರ್ತೀಯಾ? ನೀನು ಹೇಳ್ದಂಗೆ.”

 ಒಳಗೆ ತಮ್ಮ ಕೆಮ್ಮಿದ.

“ಇರ್ತೀನಿ. ಇವು ಈಗ ಸುಮ್ಮನಿವೆ ಅಕ್ಕ. ಒಂದು ನನ್ನ ಕೈ ನೆಕ್ತಿದೆ. ಸುಮ್ಮನಿರೋರನ್ನ ಯಾಕೆ ಎಬ್ಬಿಸ್ತೀರಿ.”

ಮ್ಯಾನೇಜರ್ ನೆಟ್ಟಗೆ ನಿಂತ. “ಆಯ್ತು. ನೀವಿಲ್ದೆ ಬಂದರು ಮುಳುಗಲ್ಲ,” ಎಂದು ಪೆಟ್ಟಿಗೆ ಇಳಿಸುವ ಗ್ಯಾಂಗಿನ ಕಡೆ ಚಪ್ಪಾಳೆ ತಟ್ಟಿದ. ಅವರು ನೆರಳಿನ ಶೆಡ್ಡಿನಲ್ಲಿ ಕೂತು ಬೆಳಗಿನಿಂದ ಇದನ್ನೆಲ್ಲ ನೋಡುತ್ತಿದ್ದರು. ಕ್ರೇನಿನವನು ಎದ್ದು ಬಂದ. ಅಕ್ಕನ ಜತೆ ಅವನು ಈವರೆಗೆ ಒಂದು ಮಾತೂ ಆಡಿದವನಲ್ಲ. ಅವಳ ಕಡೆಯಿಂದ ಗಾಳಿ ಬೀಸುವಲ್ಲಿ ನಿಲ್ಲುತ್ತಲೂ ಇರಲಿಲ್ಲ.

“ಇವ್ರನ್ನ ಎತ್ತಿ ಆಚೆ ಹಾಕಿ. ಹಲಗೆ ನೀವು ಹಿಡೀರಿ.”

ಕ್ರೇನಿನವನು ಮೂಗಿಗೆ ಬಟ್ಟೆ ಅಡ್ಡ ಹಿಡಿದು ಹಲಗೆಯನ್ನು ನೋಡಿದ. “ಅದು ಸಗಣಿ ಗ್ಯಾಂಗಿನ ಕೆಲಸ ಸಾರ್. ನಾವು ಮುಟ್ಟಲ್ಲ.”

“ಇವತ್ತೊಂದಿನ.”

“ಒಂದಿನ ಮುಟ್ಟಿದ್ರೂ ಮುಟ್ಟಿದ ಹಾಗೇ ಅಲ್ವಾ. ಮನೇಲಿ ಒಳಗೆ ಸೇರಿಸಲ್ಲ. ಮತ್ತೆ ಜೀವ ಇರೋದನ್ನ ನಾನು ಕ್ರೇನಲ್ಲಿ ಎತ್ತಲ್ಲ. ನಾನು ಸಾಮಾನು ಎತ್ತೋನು.”

ದೊಡ್ಡಪ್ಪ ಬೊಚ್ಚುಬಾಯಿ ತೆರೆದು ನಕ್ಕ. “ಕೇಳಿದ್ಯಾ ಅಕ್ಕ? ಇಷ್ಟು ವರ್ಷ ನಮ್ಮನ್ನ ದೂರ ಇಟ್ಟಿದ್ದು ಇವತ್ತು ಕೆಲಸಕ್ಕೆ ಬಂತು.”

ಅಕ್ಕ ನಗಲಿಲ್ಲ. ಆದರೆ ಮಾತು ಅವಳೊಳಗೆ ಇಳಿಯಿತು. ಈ ಕೆಲಸವನ್ನು ಮುಟ್ಟಲು ಲೋಕದಲ್ಲಿ ಇವರನ್ನು ಬಿಟ್ಟು ಯಾರೂ ಇಲ್ಲ. ಅವಮಾನ ಎಂದುಕೊಂಡು ಹೊತ್ತದ್ದು ಒಂದು ಗೋಡೆಯೂ ಆಗಿತ್ತು. ಆ ಗೋಡೆಯ ಈಚೆ ಇಂದು ಅವರಿದ್ದರು.

ಮ್ಯಾನೇಜರ್ ನಡೆದುಹೋಗಿ ತೊಟ್ಟಿಯ ನಲ್ಲಿ ನಿಲ್ಲಿಸಿದ. “ಕೆಲಸ ಶುರುವಾಗ್ಲಿ. ನೀರು ಬರುತ್ತೆ.”

ಬಿಸಿಲು ಕಟ್ಟೆಯ ಕಲ್ಲನ್ನು ಕಾಯಿಸಿತು. ಮೇಲೆ ಬಂದಿದ್ದ ದನಗಳು ತೊಟ್ಟಿಯ ತಳ ನೆಕ್ಕಿ ನೆಕ್ಕಿ ಕೂಗಿದವು. ಅದನ್ನು ಕೇಳಿ ಹಡಗಿನೊಳಗಿನವು ಕೂಗಿದವು. ಅಕ್ಕನ ನಾಲಿಗೆ ಅಂಗುಳಕ್ಕೆ ಅಂಟಿತು. ಹೋರಿಯ ಮುರಿದ ಮೂಳೆಯ ಮೇಲೆ ನೊಣ ಕೂತವು. ಅವಳು ಅವನ್ನು ಓಡಿಸುತ್ತ ಕೂತಳು. ಆಗಾಗ “ಇದ್ದೀಯಾ?” ಎಂದು ಕೂಗುವಳು. “ಹ್ಞೂಂ,” ಎಂದು ಬರುತ್ತಿತ್ತು. ಪ್ರತಿ ಸಲವೂ ಹಿಂದಿನದಕ್ಕಿಂತ ತಡವಾಗಿ. ಎದ್ದುಬಿಡಲೇ ಎಂದು ಅವಳಿಗೆ ಅನ್ನಿಸಿತು. ದೇವರೇ, ನಾನು ಹಟಕ್ಕೆ ಕೂತಿದ್ದರೆ ಎಬ್ಬಿಸು, ನ್ಯಾಯಕ್ಕೆ ಕೂತಿದ್ದರೆ ಕೂರಿಸು ಎಂದುಕೊಂಡಳು. ಕಾಲು ಏಳಲಿಲ್ಲ.

ಕೊನೆಗೆ ಮ್ಯಾನೇಜರ್ ಕಾವಲುಗಾರನ ಕೈಯಿಂದ ಕೋಲು ಕಿತ್ತುಕೊಂಡ. “ಇದೇನು ಮಹಾ ಕೆಲಸ,” ಎಂದು ಕೂತವರನ್ನು ದಾಟಿ ಹಲಗೆಗೆ ಇಳಿದ. ಯಾರೂ ತಡೆಯಲಿಲ್ಲ. ದೊಡ್ಡಪ್ಪ ಪಕ್ಕಕ್ಕೆ ಸರಿದು ದಾರಿ ಮಾಡಿಕೊಟ್ಟ. ಹೊಳೆಯುವ ಬೂಟು ಲೋಳೆಯ ಮೇಲೆ ಬಿತ್ತು. ಇನ್ನೊಂದು ಹೆಜ್ಜೆಗೆ ಅದು ಜಾರಿತು. ಅವನು ಕೋಲು ಬಿಟ್ಟು ಎರಡೂ ಕೈಯಲ್ಲಿ ಅಡ್ಡಪಟ್ಟಿ ಹಿಡಿದುಕೊಂಡ. ಕೋಲು ಉರುಳಿ ನೀರಿಗೆ ಬಿತ್ತು. ಕೆಳಗೆ ಕಪ್ಪು ಬಾಗಿಲಲ್ಲಿ ಸಾಲುಸಾಲು ಕಣ್ಣುಗಳು ಅವನನ್ನು ನೋಡುತ್ತಿದ್ದವು. ಮುಂದೆ ಹೋಗುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ಅವನು ಕೈಕಾಲು ಊರಿಕೊಂಡು, ಸಗಣಿಯಲ್ಲಿ ಮಂಡಿ ಒರೆಸುತ್ತ, ಹಿಂದುಹಿಂದಕ್ಕೆ ತೆವಳಿ ಮೇಲೆ ಬಂದ. ದನ ಹೇಗೆ ಹತ್ತಿತ್ತೋ ಹಾಗೆ.

ಯಾರೂ ನಗಲಿಲ್ಲ. ಅವನನ್ನು ಎತ್ತಲು ಕೈ ಕೊಟ್ಟವಳು ಗ್ಯಾಂಗಿನ ಒಬ್ಬ ಹೆಂಗಸು. ಅವನು ಆ ಕೈ ಹಿಡಿಯಲಿಲ್ಲ.

ಆಗ ಡಾಕ್ಟರು ಜಗಲಿ ಇಳಿದ. ಧೈರ್ಯ ಬಂತೋ ನಾಚಿಕೆ ಬಂತೋ, ಅವನಿಗೇ ತಿಳಿದಿರಲಿಕ್ಕಿಲ್ಲ. ದಾರಿಯಲ್ಲಿ ನಲ್ಲಿ ತಿರುಗಿಸಿದ. ಚೀಲ ಹಿಡಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹಲಗೆಗೆ ಬಂದ.

“ತಲೆ ಹಿಡ್ಕೊಳಮ್ಮ,” ಎಂದ.

“ಹಿಡ್ಕೊಂಡೇ ಇದ್ದೀನಿ,” ಎಂದಳು.

ಹೋರಿಯ ಮೈ ಒಮ್ಮೆ ಬಿಗಿದು ಸಡಿಲವಾಯಿತು. ಅವಳ ತೊಡೆಯ ಮೇಲಿನ ಬಿಸಿ ಉಸಿರು ನಿಂತಿತು. ಕ್ರೇನಿನವನು ಮೇಲಿಂದ ಕೂಗಿ ಹೇಳಿದ: “ಈಗ ಕಟ್ಟಿಕೊಡಿ, ಎತ್ತುತ್ತೀನಿ. ಈಗ ಅದು ಸಾಮಾನು.”

ಹೋರಿ ಹೋದ ಮೇಲೆ ಹಲಗೆ ತೊಳೆದರು. ಪಟ್ಟಿ ಬಿಗಿದರು. ಹೊಸ ಹುಲ್ಲು ಹಾಸಿದರು. ನೀರು ಏರತೊಡಗಿತ್ತು. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಡಗು ಎದ್ದಿತು, ಹಲಗೆ ಮಲಗಿತು. ಅಕ್ಕ ಮುದುಕಿಯ ಹಗ್ಗ ಬಿಚ್ಚಿದಳು. ಅದು ಮೂಸಿ ಹಿಂದೆ ಸರಿಯಿತು. ಅಕ್ಕ ಕೂಗಿದಳು: “ಇದ್ದೀಯೇನೋ?”

ಈ ಸಲ ಉತ್ತರ ಬರಲಿಲ್ಲ.

ಗ್ಯಾಂಗಿನವರೆಲ್ಲ ಅವಳ ಮುಖ ನೋಡಿದರು. ನುಗ್ಗಿಹೋಗಬಹುದಿತ್ತು.  ಮುದುಕಿಯ ಕೊರಳಿಗೆ ಹಣೆ ಹಚ್ಚಿ ನಿಂತಳು, ತಳ್ಳಲಿಲ್ಲ. ಬಿಸಿಲು ಹಳದಿಯಾಯಿತು. ಮುದುಕಿ ಮತ್ತೆ ಮೂಸಿತು. ಮುಂಗಾಲು ಇಟ್ಟಿತು. ಇನ್ನೊಂದು ಇಟ್ಟಿತು. ಸಂತೆಗೆ ಹೊರಟವಳಂತೆ ನಡೆದುಹೋಯಿತು.

ಒಂದರ ಹಿಂದೊಂದು ಬಂದವು. ಒಂದೂ ಜಾರಲಿಲ್ಲ, ಒಂದೂ ಕೂಗಲಿಲ್ಲ. ಜಾಗವಾದ ಕೂಡಲೇ ಅಕ್ಕ ಒಳಗೆ ಹೋದಳು. ತಮ್ಮ ಕಂಬಕ್ಕೊರಗಿ ಕೂತಿದ್ದ. ತುಟಿ ನೀಲಿಯಾಗಿತ್ತು. ಕಣ್ಣು ತೆರೆದಿದ್ದವು. ಮಾತಾಡಲು ಉಸಿರು ಸಾಲದೆ ಅವಳ ಸೆರಗು ಹಿಡಿದು ಎಳೆದ. ಬದುಕಿದ್ದ.

ಕೈಗಾಡಿಯಲ್ಲಿ ಹುಲ್ಲು ಹಾಕಿ ಮಲಗಿಸಿದರು. ಮ್ಯಾನೇಜರ್ ಆಫೀಸಿನ ಬಾಗಿಲಿಂದ ಹೇಳಿದ: “ನಾಳೆಯಿಂದ ಯಾರೂ ಬರಬೇಡಿ.”

“ನಾಳೆ ಹಡಗು ಬರುತ್ತಲ್ಲ ಸಾಹೇಬ್ರೇ,” ಎಂದ ದೊಡ್ಡಪ್ಪ, ಗಾಡಿ ತಳ್ಳುತ್ತ. “ಅದಕ್ಕೂ ಹೇಳಿಬಿಡಿ.”

ಆಸ್ಪತ್ರೆ ಇರುವುದು ಮುಂಬಾಗಿಲಿನ ರಸ್ತೆಯಲ್ಲಿ. ಗ್ಯಾಂಗಿಗೆ ಗೊತ್ತುಮಾಡಿದ್ದು ಹಿಂಬಾಗಿಲು. ಹಾಗೆ ಹೋದರೆ ಬಂದರನ್ನೆಲ್ಲ ಸುತ್ತಬೇಕು. ಅಕ್ಕ ಗಾಡಿಯನ್ನು ಮುಂಬಾಗಿಲಿಗೆ ತಿರುಗಿಸಿದಳು. ಅಲ್ಲಿ ಕೆಂಪು ಬಿಳಿ ಪಟ್ಟೆ ಬಳಿದ ಉದ್ದನೆಯ ಕಂಬ ಅಡ್ಡ ಬಿದ್ದಿತ್ತು. ಪಹರೆಯವನು ಗೂಡಿನಿಂದ ತಲೆ ಹಾಕಿದ.

“ಹಿಂದಿನಿಂದ ಹೋಗಿ. ನಿಮಗೆ ಇಲ್ಲಿ ಇಲ್ಲ.”

“ಉಸಿರು ಹೋಗ್ತಿದೆ ಇವನಿಗೆ. ತೆಗಿ ಅಣ್ಣ.”

“ನನ್ನ ಕೈಯಲ್ಲಿಲ್ಲ ಅಕ್ಕ. ಮೇಲಿನಿಂದ ಹೇಳ್ಬೇಕು.”

ಅಕ್ಕ ಅವನ ಮುಖ ನೋಡಿದಳು. ಬೈಯಲಿಲ್ಲ. ಗಾಡಿಯ ಹಿಡಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟು ಮುಂದೆ ಬಂದಳು. ಸಗಣಿ ಮೆತ್ತಿದ ಎರಡೂ ಕೈಯನ್ನು ಕಂಬದ ಕೆಳಗೆ ಹಾಕಿದಳು. ಅವಳ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಆಮೇಲೆ ಎಷ್ಟೋ.

ಕಂಬ ಮೇಲೆದ್ದಿತು. ಅದು ಅಷ್ಟು ಹಗುರ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.